ಡೇರಿ ಸಂಘದಿಂದಲೇ ಊರಿನವರ ಆಸ್ಪತ್ರೆ ಖರ್ಚಿಗೆ ನಿಧಿ ಮಾಡಬಹುದಾ?

ನಿಮ್ಮೂರಲ್ಲಿ ಸುಮಾರು 200 ಮನೆ, ಒಂದು ಹಾಲಿನ ಡೇರಿ. ಎಲ್ಲರೂ ದುಡ್ಡು ಹಾಕಿ ಆಪರೇಷನ್ ಖರ್ಚಿಗೆ ನಮ್ಮದೇ ನಿಧಿ ಮಾಡಿಕೊಳ್ಳೋಣವಾ, ಇಲ್ಲ ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರೋಣವಾ ಅಂತ ಕೇಳಿದ್ದೀರಿ. ನಾನು ಹಳ್ಳಿ ಡೇರಿಯಲ್ಲಿ ಕಾರ್ಯದರ್ಶಿಯಾಗಿ ಬಹಳ ವರ್ಷ ಇದ್ದವನು. ಆಪರೇಷನ್ನಿಗೆ ಯಶಸ್ವಿನಿಗೇ ಸೇರಿ. ಊರಿನ ನಿಧಿಗೆ ಬೇರೆ ಕೆಲಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. 200 ಮನೆಯವರು ವರ್ಷಕ್ಕೆ ಸಾವಿರದಂತೆ ಹಾಕಿದರೂ ಸೇರುವುದು 2 ಲಕ್ಷ. ಒಬ್ಬರಿಗೆ ಹೃದಯದ ಆಪರೇಷನ್ ಆದರೆ ಪೆಟ್ಟಿಗೆ ಬರಿದು. ಎರಡನೆಯವರಿಗೆ ಏನು ಕೊಡುತ್ತೀರಿ? ಅಲ್ಲಿಂದ ಜಗಳ ಶುರು. ಯಶಸ್ವಿನಿ 2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಇತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಂದರೆ ತಲಾ 60 ರೂಪಾಯಿಯಲ್ಲೇ ಸುಮಾರು 9 ಕೋಟಿ 60 ಲಕ್ಷ. ಅದರ ಮೇಲೆ ಸರ್ಕಾರದ ಪಾಲು ಬೇರೆ. ಅಷ್ಟು ಜನರಲ್ಲಿ ಆ ವರ್ಷ ಆಪರೇಷನ್ ಬೇಕಾಗುವವರು ಕೆಲವರೇ. ಅದಕ್ಕೇ ಅದು ನಡೆಯಿತು.

ಹೃದಯದ ಆಪರೇಷನ್ನಿಗೆ ಹೆಸರಾದ ಡಾ. ದೇವಿ ಶೆಟ್ಟಿಯವರು ಮತ್ತು ರಾಜ್ಯದ ಸಹಕಾರ ಇಲಾಖೆ ಸೇರಿ ಇದನ್ನು ಕಟ್ಟಿದಾಗ ಮಾಡಿದ ಜಾಣತನದ ಕೆಲಸ ಅಂದರೆ, ಹಣ ಕೂಡಿಸಲು ಹೊಸ ಕಚೇರಿ ತೆರೆಯಲಿಲ್ಲ. ಇದ್ದ ಸಹಕಾರ ಸಂಘಗಳನ್ನೇ ಬಳಸಿಕೊಂಡರು. ಇದರ ಬೆಲೆ ಡೇರಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಸಂಜೆ ಹಾಲು ಹಾಕೋಕೆ ಜನ ಕ್ಯಾನ್ ಹಿಡಿದು ಸಾಲಲ್ಲಿ ನಿಂತಿರುತ್ತಾರೆ. ಪಕ್ಕದ ಮೇಜಿನ ಮೇಲೆ ಅರ್ಜಿ ಇಟ್ಟುಕೊಂಡು ಕೂತರೆ ಸಾಕು. "ನಿಮ್ಮತ್ತೆ ಹೆಸರು ಸೇರಿಸಿದ್ದೀರಾ? ಅವರಿಗೆ ಮಂಡಿನೋವು ಇತ್ತಲ್ಲ" ಅಂತ ಕೇಳುವುದು ಕಾರ್ಯದರ್ಶಿಗೆ ಮಾತ್ರ ಸಾಧ್ಯ. ಕೈಯಲ್ಲಿ ಕಾಸಿಲ್ಲ ಅಂದರೆ, ಅವರು ಒಪ್ಪಿ ಸಹಿ ಹಾಕಿದ ಮೇಲೆ ಹಾಲಿನ ದುಡ್ಡಿನ ಬಟವಾಡೆಯಲ್ಲಿ ಹಿಡಿದುಕೊಳ್ಳಬಹುದು. ಊರಿಗೆ ಗುರುತಿಲ್ಲದ ಏಜೆಂಟ್ ಬಂದು ಇದನ್ನೇ ಹೇಳಿದರೆ ಯಾರು ನಂಬುತ್ತಾರೆ?

ಯಶಸ್ವಿನಿ 2018ರಲ್ಲಿ ಸರ್ಕಾರದ ಇನ್ನೊಂದು ಯೋಜನೆಯಾದ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಯಿತು. ಜನ ಕೇಳುತ್ತಲೇ ಇದ್ದರು, 2022ರಲ್ಲಿ ಮತ್ತೆ ಬಂತು. ಆಗ ಇಟ್ಟ ದರ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ ತಲೆಗೆ 100. ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ಈ ವರ್ಷದ ದರ ಮತ್ತು ಕೊನೇ ದಿನಾಂಕವನ್ನು ತಾಲ್ಲೂಕಿನ ಸಹಕಾರ ಇಲಾಖೆಯಲ್ಲಿ ಕೇಳಿಕೊಳ್ಳಿ. ನೋಂದಣಿ ವರ್ಷಪೂರ್ತಿ ತೆರೆದಿರುವುದಿಲ್ಲ. ಕಾಯಿಲೆ ಬಂದ ಮೇಲೆ ಓಡಿಬಂದು ಸೇರಿಸಿ ಅಂದರೆ ಆಗಲ್ಲ.

ಈಗ ಊರಿನ ನಿಧಿಯ ವಿಷಯ. ಯಶಸ್ವಿನಿ ಮುಖ್ಯವಾಗಿ ಪಟ್ಟಿಯಲ್ಲಿರುವ ಆಪರೇಷನ್ನುಗಳಿಗೆ, ಅದೂ ಯೋಜನೆಯ ಜೊತೆ ಒಪ್ಪಂದ ಇರುವ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ, ಮೊದಲೇ ಅನುಮತಿ ಪಡೆದು. ಶುಗರ್, ಬಿಪಿ ಮಾತ್ರೆಗೆ ಅಲ್ಲ. ಕಾರು ಬಾಡಿಗೆಗೂ ಅಲ್ಲ. ಬಡವರು ಸೋಲುವುದು ಇಲ್ಲೇ. ನಮ್ಮ ಸಂಘದ ಹೆಣ್ಣುಮಗಳೊಬ್ಬರಿಗೆ ಪಿತ್ತಕೋಶದಲ್ಲಿ ಕಲ್ಲು. ಕಾರ್ಡ್ ಇತ್ತು. ಆದರೆ ಅದು ಕಲ್ಲೇ ಅಂತ ಗೊತ್ತಾಗೋಕೆ ಸ್ಕ್ಯಾನ್ ಆಗಬೇಕಿತ್ತು. ಸ್ಕ್ಯಾನಿಗೆ, ಪೇಟೆಗೆ ಹೋಗಿಬರೋಕೆ ದುಡ್ಡಿಲ್ಲ ಅಂತ ತಿಂಗಳುಗಟ್ಟಲೆ ಹೊಟ್ಟೆ ಹಿಡಿದುಕೊಂಡೇ ಹಾಲು ತಂದರು. ಕೊನೆಗೆ ಆಸ್ಪತ್ರೆಗೆ ಹೋದರೆ, ಕಾರ್ಡ್ ನೋಡಿದ ಕೂಡಲೇ ಬೆಡ್ ಖಾಲಿ ಇಲ್ಲ ಅಂದರು. ನಮ್ಮ ಸಂಘದ ನಿರ್ದೇಶಕರೊಬ್ಬರು ಜೊತೆಗಿದ್ದು ಅಲ್ಲಿಂದಲೇ ಸಹಕಾರ ಇಲಾಖೆಗೆ ಫೋನ್ ಮಾಡಿದ ಮೇಲೆ ದಾಖಲು ಮಾಡಿಕೊಂಡರು. ಒಬ್ಬರೇ ಹೋಗಿದ್ದರೆ ವಾಪಸ್ ಬರುತ್ತಿದ್ದರು, ಇದರಲ್ಲಿ ನನಗೆ ಸಂಶಯವೇ ಇಲ್ಲ.

ಹಾಗಾಗಿ ಊರಿನ ನಿಧಿ ಚಿಕ್ಕದಿರಲಿ, ಈ ಮೇಲುಖರ್ಚಿಗೆ ಇರಲಿ. ಸ್ಕ್ಯಾನಿಗೆ, ಗಾಡಿಗೆ, ಜೊತೆಗೆ ಹೋದವರ ಊಟಕ್ಕೆ ಸಾಲವಾಗಿ ಕೊಡಿ, ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿಕೊಳ್ಳಿ. ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿ, ಬೇರೆ ಲೆಕ್ಕ ಇಡಿ. ಅಕ್ಕಪಕ್ಕದ ಐದಾರು ಊರಿನ ಡೇರಿಗಳು, ಸ್ತ್ರೀಶಕ್ತಿ ಸಂಘಗಳು ಕೂಡಿಕೊಂಡರೆ ಇನ್ನೂ ಒಳ್ಳೆಯದು. ಆಗ ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಆಗುತ್ತೆ, ಅಲ್ಲಿ ಯಾರನ್ನು ಕಾಣಬೇಕು ಅಂತ ತಿಳಿದ ಒಬ್ಬರನ್ನು ಗೌರವಧನ ಕೊಟ್ಟು ಇಟ್ಟುಕೊಳ್ಳಬಹುದು.

ಇದು ಬರೀ ಕನಸಿನ ಮಾತಲ್ಲ. ಗುಜರಾತಿನ ಆನಂದ್‌ನಲ್ಲಿ ಅಮುಲ್ ಕಟ್ಟಿದ ತ್ರಿಭುವನದಾಸ್ ಪಟೇಲರು ನಿವೃತ್ತರಾದಾಗ ಸದಸ್ಯರು ತಲಾ ಒಂದು ರೂಪಾಯಿ ಹಾಕಿ 6 ಲಕ್ಷ ಕೂಡಿಸಿ ಕೊಟ್ಟರು. ಅವರು ಅದನ್ನು ಮನೆಗೆ ಒಯ್ಯಲಿಲ್ಲ, ಅದೇ ದುಡ್ಡಿನಲ್ಲಿ ಆರೋಗ್ಯಕ್ಕಾಗಿ ತ್ರಿಭುವನದಾಸ್ ಫೌಂಡೇಷನ್ ಶುರುಮಾಡಿದರು. ಹಾಲಿನ ಸಂಘಗಳ ಜೊತೆ ಸೇರಿ, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಬಾಣಂತಿ, ಮಕ್ಕಳ ಆರೈಕೆಯನ್ನು ಮನೆಬಾಗಿಲಿಗೆ ತಂದರು.

ಇನ್ನೊಂದು ವಿಷಯ. ಹಸು ಮೇಯಿಸಿ ಹಾಲು ಕರೆಯುವವರು ಹೆಂಗಸರು, ಆದರೆ ಎಷ್ಟೋ ಕಡೆ ಸದಸ್ಯತ್ವ ಗಂಡಸರ ಹೆಸರಲ್ಲಿರುತ್ತೆ. ವಿಧವೆಯರು, ಒಂಟಿಯಾಗಿರುವವರು ಯಾವ ಪಟ್ಟಿಗೂ ಸಿಗದೆ ಉಳಿದುಬಿಡುತ್ತಾರೆ. ಯಶಸ್ವಿನಿಗೆ ಸಂಘದ ಸದಸ್ಯತ್ವ ಇರಲೇಬೇಕು, ಅದೂ ಮೊದಲೇ ಆಗಿರಬೇಕು. ಅದಕ್ಕೆ ನೋಂದಣಿ ಶುರುವಾಗುವ ತನಕ ಕಾಯಬೇಡಿ. ನಿಮ್ಮ ಸದಸ್ಯರ ಪುಸ್ತಕ ತೆಗೆದು, ಅದರಲ್ಲಿ ಹೆಸರಿಲ್ಲದ ಮನೆಗಳಿಗೆ ಈ ವಾರವೇ ಹೋಗಿ ಬನ್ನಿ.