ಹಕ್ಕಿ ಫೋಟೊದಲ್ಲಿ ತಪ್ಪು ಹೇಳಿದರೆ ಹೇಗೆ ತಗೊಳ್ಳಬೇಕು? ನಾವು ಹೇಗೆ ಹೇಳಬೇಕು?

ನೀವು ಕೇಳಿದ್ದು ಇಷ್ಟು. ಪುಣೆಯ ಪಾಷಾಣ್ ಕೆರೆಯಲ್ಲಿ ತೆಗೆದ ಗದ್ದೆ ಮಿಂಚುಳ್ಳಿ ಫೋಟೊ ತೋರಿಸಿದಾಗ ಎಲ್ಲರೂ ಸೂಪರ್ ಅಂದರು. ಒಬ್ಬರು ಮಾತ್ರ "ಬಾಲ ಕಟ್ ಆಗಿದೆ, ಹಿಂದಿನ ಕೊಂಬೆ ತಲೆಯಿಂದಲೇ ಹೊರಟ ಹಾಗಿದೆ" ಅಂದರು. ಎರಡು ದಿನ ಕ್ಯಾಮೆರಾ ಮುಟ್ಟೋಕೂ ಮನಸ್ಸಾಗಲಿಲ್ಲ ಅಂತ ಬರೆದಿದ್ದೀರಿ. ಇಂಥ ಮಾತು ತಗೊಳ್ಳೋದು ಹೇಗೆ, ನಾವು ಹೇಳೋದು ಹೇಗೆ ಅನ್ನೋದು ನಿಮ್ಮ ಪ್ರಶ್ನೆ.

ಆ ಒಬ್ಬರನ್ನು ಮಾತ್ರ ಬಿಡಬೇಡಿ. ಅವರು ನಿಮ್ಮ ಫೋಟೊವನ್ನು ನಿಜವಾಗಿ ನೋಡಿದ್ದಾರೆ.

ನನಗೂ ಅಂಥವರು ಒಬ್ಬರು ಸಿಕ್ಕರು. ಧಾರವಾಡ ಕಡೆಯವರು, ಎಲ್ಲರೂ ಕಾಕಾ ಅಂತೀವಿ. ಕವಡಿಪಾಟ್ ಗೊತ್ತಲ್ವಾ, ಸೋಲಾಪುರ ರಸ್ತೆಯಲ್ಲಿ ಲೋಣಿ ಕಾಳಭೋರ್ ಹತ್ತಿರ, ಮುಳಾ-ಮುಠಾ ಹೊಳೆಯ ಹಳೇ ಒಡ್ಡು. ಊರಿನ ಪ್ಲಾಸ್ಟಿಕ್ ಎಲ್ಲ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತೆ, ಆದರೂ ಚಳಿಗಾಲದಲ್ಲಿ ಹಕ್ಕಿಗಳಿಗೆ ಬರವಿಲ್ಲ. ಒಂದು ಭಾನುವಾರ ಬೆಳ್ಳಕ್ಕಿಯೊಂದು ಬಿಸಿಲಲ್ಲಿ ನಿಂತಿತ್ತು, ಹಿಂದೆ ಪೂರ್ತಿ ನೆರಳಿನ ಕಪ್ಪು ನೀರು. ನಲವತ್ತು ಫ್ರೇಮ್ ಹೊಡೆದು ಖುಷಿಯಿಂದ ತೋರಿಸಿದೆ. ಕಾಕಾ ಕ್ಯಾಮೆರಾ ಇಸ್ಕೊಂಡು, ಅಂಗೈಯಿಂದ ಸ್ಕ್ರೀನಿಗೆ ನೆರಳು ಮಾಡಿ, ಹಕ್ಕಿಯ ಬೆನ್ನನ್ನು ದೊಡ್ಡದು ಮಾಡಿದರು. "ಇಲ್ಲಿ ಗರಿ ಎಲ್ಲದ ತೋರಸು ನೋಡೂಣು? ಬರೇ ಸುಣ್ಣ ಬಳದಂಗದ."

ಬೇಜಾರಾಯಿತು. ಐದಕ್ಕೆ ಎದ್ದು ಬಂದೆ, ಕೆಸರಲ್ಲಿ ಒಂದು ಗಂಟೆ ಕೂತೆ, ಅಂತೆಲ್ಲ ಹೇಳೋಕೆ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದ್ಯಾವುದೂ ಫೋಟೋದಾಗ ಕಾಣಂಗಿಲ್ಲೋ ತಮ್ಮಾ. ಒಂದು ಸ್ಟಾಪ್ ಕಡಿಮಿ ಮಾಡಿ ಹೊಡಿ" ಅಂದರು. ಅಂದರೆ ಒಳಗೆ ಬರೋ ಬೆಳಕನ್ನು ಅರ್ಧಕ್ಕೆ ಇಳಿಸು ಅಂತ. ಕಾರಣಾನೂ ಹೇಳಿದರು. ಎದುರಿಗೆ ಏನೇ ಇದ್ದರೂ ಅದು ತೀರಾ ಕಪ್ಪೂ ಅಲ್ಲದ, ತೀರಾ ಬಿಳೀನೂ ಅಲ್ಲದ ಬೂದು ಅಂತ ಕ್ಯಾಮೆರಾ ಅಂದುಕೊಳ್ಳುತ್ತೆ. ಚಿತ್ರದ ಮುಕ್ಕಾಲು ಪಾಲು ಕಪ್ಪು ನೀರಿದ್ದರೆ ಅದನ್ನು ಬೂದು ಮಾಡೋಕೆ ಬೆಳಕು ಜಾಸ್ತಿ ತಗೊಳ್ಳುತ್ತೆ, ಆಗ ಬಿಳಿ ಹಕ್ಕಿ ಸುಟ್ಟು ಹೋಗುತ್ತೆ, ಅಂದರೆ ವಿವರವೇ ಇಲ್ಲದೆ ಬರೀ ಬಿಳಿ ಆಗುತ್ತೆ. ಬೆಳ್ಳಕ್ಕಿ ಇನ್ನೂ ಅಲ್ಲೇ ಇತ್ತು. ಬೆಳಕಿನ ಸೆಟ್ಟಿಂಗನ್ನು ಮೈನಸ್ ಒಂದಕ್ಕೆ ಇಳಿಸಿ ಮತ್ತೆ ಹೊಡೆದೆ. ಈ ಸಲ ಬೆನ್ನ ಮೇಲೆ ಗರಿಯ ಒಂದೊಂದು ಎಳೆ ಬಿಡಿಬಿಡಿಯಾಗಿ ಕಂಡಿತು.

ಅವತ್ತಿಂದ ನಾನು ಯಾರದೇ ಮಾತನ್ನು ತೂಗೋದು ಒಂದೇ ಲೆಕ್ಕದಲ್ಲಿ: ಇದನ್ನು ಇಟ್ಟುಕೊಂಡು ನಾಳೆ ಬೆಳಗ್ಗೆ ನಾನು ಏನಾದರೂ ಬೇರೆ ಥರ ಮಾಡಬಹುದಾ? ಮಾಡಬಹುದು ಅಂದರೆ, ಹೇಳಿದ ಧಾಟಿ ಒರಟಾಗಿದ್ದರೂ ತಗೊಳ್ತೀನಿ. ಆಗಲ್ಲ ಅಂದರೆ, ಹೊಗಳಿಕೆಯಾದರೂ ಅಷ್ಟಕ್ಕೇ ಬಿಡ್ತೀನಿ. ಕೇಳುವಾಗಲೂ ಸುಮ್ನೆ "ಹೇಗಿದೆ?" ಅಂದರೆ "ಚೆನ್ನಾಗಿದೆ" ಅಂತಲೇ ಬರುತ್ತೆ, ಅದರ ಬದಲು "ಬಿಳಿ ಸುಟ್ಟಿದೆಯಾ? ಕ್ರಾಪ್ ಜಾಸ್ತಿ ಆಯ್ತಾ?" ಅಂತ ಒಂದು ವಿಷಯ ಹಿಡಿದು ಕೇಳಿ, ಕ್ರಾಪ್ ಮಾಡದ ಮೂಲ ಫ್ರೇಮನ್ನೂ ಜೊತೆಗಿಡಿ. ವಾಟ್ಸಾಪ್‌ನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಫೋಟೊವನ್ನು ಕುಗ್ಗಿಸುತ್ತೆ, ಗರಿಯ ವಿವರವೇ ಹೋಗಿರುತ್ತೆ.

ಇನ್ನು ಹೇಳೋದು. ಇದರಲ್ಲಿ ನಾನು ಒಂದು ತಪ್ಪು ಮಾಡಿದ್ದೀನಿ, ಇವತ್ತಿಗೂ ನೋವಿದೆ. ಆಫೀಸಿನ ಹುಡುಗನೊಬ್ಬ, ಕಲಬುರಗಿಯವನು, ನನ್ನ ಜೊತೆ ಭಿಗವಣಕ್ಕೆ ಬಂದಿದ್ದ. ಅವನ ಊರ ಕಡೆ ಹರಿಯೋ ಭೀಮೆಯನ್ನೇ ಉಜನಿಯಲ್ಲಿ ಕಟ್ಟಿ ನಿಲ್ಲಿಸಿದ ಹಿನ್ನೀರದು ಅಂತ ಗೊತ್ತಾಗಿ ಅವನಿಗೆ ಎಲ್ಲಿಲ್ಲದ ಸಂತೋಷ. ಮೊದಲ ಸಲ ಫ್ಲೆಮಿಂಗೊ ನೋಡಿದ್ದ. ವಾಪಸ್ ಬರುವಾಗ ಫೋಟೊ ತೋರಿಸಿದ. ನಾನು ಒಂದು ನೋಟ ನೋಡಿ "ಬ್ಯಾಕ್‌ಗ್ರೌಂಡ್ ಚೆನ್ನಾಗಿಲ್ಲ, ಶಾರ್ಪ್ ಕೂಡ ಇಲ್ಲ" ಅಂದೆ. ಅವನು ಮತ್ತೆ ಬರಲೇ ಇಲ್ಲ.

ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅದರಿಂದ ಅವನಿಗೆ ಸಿಕ್ಕಿದ್ದು ಏನೂ ಇಲ್ಲ. "ಶಾರ್ಪ್ ಇಲ್ಲ" ಅನ್ನೋದು ಜ್ವರ ಇದೆ ಅಂದ ಹಾಗೆ, ಯಾವ ಜ್ವರ ಅಂತ ಹೇಳಬೇಕಲ್ವಾ? ಹಕ್ಕಿಯ ಹಿಂದಿನ ಹುಲ್ಲು ಚೆನ್ನಾಗಿ ಕಂಡು ಕಣ್ಣು ಮಸುಕಾಗಿದ್ದರೆ ಫೋಕಸ್ ಹುಲ್ಲಿನ ಮೇಲೆ ಬಿದ್ದಿದೆ. ಮೈ, ಕಣ್ಣು ಸ್ಪಷ್ಟವಾಗಿದ್ದು ರೆಕ್ಕೆಯ ತುದಿ ಮಾತ್ರ ಕಲಸಿದ್ದರೆ ಶಟರ್ ವೇಗ ಸಾಲಲಿಲ್ಲ, ಹಾರುವ ಹಕ್ಕಿಗೆ 1/2000 ಸೆಕೆಂಡಿನ ಆಸುಪಾಸಿಗೆ ಹೋಗಿ ನೋಡಲಿ. ಕಲ್ಲು, ಹಕ್ಕಿ, ನೀರು ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಬಿಸಿಲೇರಿದ ಮೇಲೆ ದೂರದ ಹಕ್ಕಿಯ ಅಂಚು ಕುದಿಯುವ ನೀರಿನ ಹಾಗೆ ಕಾಣುತ್ತಿದ್ದರೆ ಅದು ನಡುವಿನ ಬಿಸಿ ಗಾಳಿ, ಎಷ್ಟು ದುಬಾರಿ ಲೆನ್ಸ್ ತಂದರೂ ಹೋಗಲ್ಲ, ಬೇಗ ಬರಬೇಕು ಅಥವಾ ಹತ್ತಿರ ಇರಬೇಕು ಅಷ್ಟೇ. ಬ್ಯಾಕ್‌ಗ್ರೌಂಡ್ ಬಗ್ಗೆ ಅವನಿಗೆ ಹೇಳಬೇಕಾಗಿದ್ದದ್ದು ಇಷ್ಟೇ: ದೋಣಿಯಲ್ಲಿ ನಿಲ್ಲಬೇಡ, ಕೂತ್ಕೋ, ಕ್ಯಾಮೆರಾ ನೀರಿನ ಮಟ್ಟಕ್ಕೆ ತಾ. ಮೇಲಿಂದ ಹೊಡೆದರೆ ಹಕ್ಕಿಯ ಬೆನ್ನ ಹಿಂದೆಯೇ ಕೆಸರು ಬರುತ್ತೆ, ಕೆಳಗಿಂದ ಹೊಡೆದರೆ ಹಿನ್ನೆಲೆ ದೂರದ ದಡಕ್ಕೆ ಹೋಗಿ ತಾನಾಗಿ ಮಸುಕಾಗುತ್ತೆ.

ಅದಕ್ಕೂ ಮೊದಲು ಅವನನ್ನು ಕೇಳಬೇಕಿತ್ತು, ಇದರಲ್ಲಿ ನಿನಗೆ ಏನು ಇಷ್ಟವಾಯಿತು ಅಂತ. ಹಾರುವ ಮುಂಚೆ ನೀರಿನ ಮೇಲೆ ಓಡುವ ಆ ಕಾಲುಗಳನ್ನೇ ಅವನು ಹಿಡಿಯೋಕೆ ಹೋಗಿದ್ದನೋ ಏನೋ. ಅದು ಗೊತ್ತಿದ್ದರೆ ನಾನು ಕಾಲಿನ ಬಗ್ಗೆ ಮಾತಾಡುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನಾನು ಮೆತ್ತಗೆ ಮಾತಾಡಲ್ಲ. ಫೋಟೊಗೋಸ್ಕರ ಯಾರಾದರೂ ದೋಣಿಯನ್ನು ಗುಂಪಿನೊಳಗೆ ನುಗ್ಗಿಸಿ ಹಕ್ಕಿ ಎಬ್ಬಿಸಿದ್ದರೆ, ಗೂಡಿನ ಮುಂದಿನ ಎಲೆ ಸವರಿದ್ದರೆ, ನೇರವಾಗಿ ಬೇಡ ಅಂತೀನಿ. ಎಲೆ ಹೋದರೆ ಮರಿಗೆ ನೆರಳೂ ಇಲ್ಲ, ಕಾಗೆಯಿಂದ ಮರೆಯೂ ಇಲ್ಲ. ಆದರೆ ಅದನ್ನು ಅವರನ್ನು ಪಕ್ಕಕ್ಕೆ ಕರೆದು ಹೇಳ್ತೀನಿ, ಹತ್ತು ಜನರ ಮುಂದೆ ಅಲ್ಲ.

ಈಗ ನಿಮ್ಮ ಮಿಂಚುಳ್ಳಿ. ಅವರು ಹೇಳಿದ ಎರಡೂ ನಾಳೆ ಬೆಳಗ್ಗೆಯೇ ಸರಿಹೋಗುವಂಥವು. ಮಿಂಚುಳ್ಳಿ ಒಂದೇ ಕೊಂಬೆಗೆ ಮತ್ತೆ ಮತ್ತೆ ಬಂದು ಕೂರುತ್ತೆ, ಹಾಗಾಗಿ ಕಾಯಿರಿ. ಬರೋ ಮೊದಲೇ ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ಸರಿದು, ಆ ಹಿಂದಿನ ಕೊಂಬೆ ತಲೆ ಬರೋ ಜಾಗದಿಂದ ಆಚೆ ಹೋಗೋ ಹಾಗೆ ನೋಡಿಕೊಳ್ಳಿ. ಫೋಕಸ್ ಪಾಯಿಂಟ್ ಕಣ್ಣಿನ ಮೇಲಿರಲಿ, ಆದರೆ ಕಣ್ಣನ್ನು ಫ್ರೇಮಿನ ನಡುವಿಗೆ ತರಬೇಡಿ, ಸ್ವಲ್ಪ ಮೇಲಿಡಿ. ಆಗ ಕೆಳಗೆ ಬಾಲಕ್ಕೆ ಜಾಗ ಸಿಗುತ್ತೆ.