ಧ್ರುವೀಯ ಕಕ್ಷೆಯ ಉಪಗ್ರಹಗಳು ಧ್ರುವಗಳನ್ನು ನೋಡುವುದಕ್ಕೆ ಮಾತ್ರವೇ? ಉಳಿದ ವಿಜ್ಞಾನಕ್ಕೆ ಭೂಸ್ಥಿರ ಉಪಗ್ರಹ ಸಾಲದೇ?

ಸಾಲದು. ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಿಂದ ಭೂಮಿಯ ಒಂದೇ ಮಗ್ಗುಲನ್ನು ಹಗಲೂ ರಾತ್ರಿ ನೋಡುತ್ತಿರುತ್ತದೆ. ಚಂಡಮಾರುತದ ಬೆನ್ನು ಹತ್ತಲು ಅದೇ ಬೇಕು. ಆದರೆ ಅಷ್ಟು ದೂರದಿಂದ ಸೂಕ್ಷ್ಮ ವಿವರ ಸಿಗುವುದು ಕಷ್ಟ, 70 ಡಿಗ್ರಿ ಅಕ್ಷಾಂಶದಾಚೆಯ ನೆಲವಂತೂ ತೀರಾ ಓರೆಯಾಗಿ ಕಾಣುತ್ತದೆ. ಧ್ರುವಗಳ ಬಳಿಯಿಂದ ಹಾದು ಸುತ್ತುವ ಧ್ರುವೀಯ ಕಕ್ಷೆಯ ಉಪಗ್ರಹಗಳು ಹೆಚ್ಚಾಗಿ 500ರಿಂದ 850 ಕಿ.ಮೀ. ಎತ್ತರದಲ್ಲಿರುತ್ತವೆ. ಒಂದು ಸುತ್ತಿಗೆ ಸುಮಾರು ನೂರು ನಿಮಿಷ, ದಿನಕ್ಕೆ ಹದಿನಾಲ್ಕು ಹದಿನೈದು ಸುತ್ತು. ಅಷ್ಟರಲ್ಲಿ ಕೆಳಗೆ ಭೂಮಿ ತಿರುಗಿರುತ್ತದಲ್ಲ, ಹಾಗಾಗಿ ಪ್ರತಿ ಸುತ್ತಿನ ಹಾದಿ ಹಿಂದಿನದಕ್ಕಿಂತ ಸುಮಾರು 25 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ. ಹೀಗೆ ಪಟ್ಟಿ ಪಟ್ಟಿಯಾಗಿ ಹೆಚ್ಚುಕಡಿಮೆ ಇಡೀ ಭೂಮಿ ಕಣ್ಣಿಗೆ ಬೀಳುತ್ತದೆ.

ನನ್ನ ಪ್ರಕಾರ ಇದರ ದೊಡ್ಡ ಲಾಭ ಸಮಯದ್ದು. ಭೂಮಿ ಸಮಭಾಜಕದ ಬಳಿ ಉಬ್ಬಿದೆ. ಅಲ್ಲಿನ ತ್ರಿಜ್ಯ ಧ್ರುವದಲ್ಲಿರುವುದಕ್ಕಿಂತ 21 ಕಿ.ಮೀ. ಹೆಚ್ಚು. ಆ ಉಬ್ಬಿನ ಸೆಳೆತ ಕಕ್ಷೆಯ ತಲವನ್ನು ನಿಧಾನವಾಗಿ ತಿರುಗಿಸುತ್ತದೆ. ಎತ್ತರ 700 ಕಿ.ಮೀ. ಆಸುಪಾಸು, ಓರೆ (ಸಮಭಾಜಕದೊಂದಿಗೆ ಕಕ್ಷೆಯ ಕೋನ) 98 ಡಿಗ್ರಿ ಇಟ್ಟರೆ ಈ ತಿರುಗುವಿಕೆ ದಿನಕ್ಕೆ 0.986 ಡಿಗ್ರಿ ಆಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ಸರಾಸರಿ ವೇಗವೂ ಅಷ್ಟೇ. ಆದ್ದರಿಂದ ಉಪಗ್ರಹ ಸಮಭಾಜಕವನ್ನು ಪ್ರತಿ ಸಲವೂ ಒಂದೇ ಸ್ಥಳೀಯ ಸೌರವೇಳೆಗೆ ದಾಟುತ್ತದೆ. ಇದೇ ಸೂರ್ಯ-ಸಮಕಾಲಿಕ ಕಕ್ಷೆ. ನೆಲದ ಚಿತ್ರ ತೆಗೆಯುವ ಉಪಗ್ರಹ ಲ್ಯಾಂಡ್‌ಸ್ಯಾಟ್ 8 ಬೆಳಗಿನ ಹತ್ತರ ಸುಮಾರಿಗೆ ಬಂದು, 16 ದಿನಕ್ಕೊಮ್ಮೆ ಅದೇ ಜಾಗದ ಚಿತ್ರ ತೆಗೆಯುತ್ತದೆ. ಹೋದ ವರ್ಷದ ಕಾಡಿನ ಚಿತ್ರವನ್ನು ಈ ವರ್ಷದ್ದರ ಪಕ್ಕ ಇಟ್ಟರೆ ನೆರಳುಗಳು ಬಹುಮಟ್ಟಿಗೆ ಹೊಂದುತ್ತವೆ, ಹಸಿರಿನಲ್ಲಿ ಆದ ಬದಲಾವಣೆ ಎದ್ದು ಕಾಣುತ್ತದೆ. ಒಂದು ಎಚ್ಚರಿಕೆ: ವೇಳೆ ಒಂದೇ ಆದರೂ ಋತುವಿಗೆ ತಕ್ಕಂತೆ ಸೂರ್ಯನ ಎತ್ತರ ಬದಲಾಗುತ್ತದೆ. ಜನವರಿಯನ್ನು ಜನವರಿಯ ಜತೆಗೇ ಹೋಲಿಸಿ.

ಆ ವೇಳೆ ಜಾರಿದರೆ ಅಳತೆ ಕೆಡುತ್ತದೆ. ಮಧ್ಯಾಹ್ನ ಎರಡಕ್ಕೆ ದಾಟಬೇಕಾದ ಹಳೆಯ ಹವಾಮಾನ ಉಪಗ್ರಹಗಳು ಕಕ್ಷೆ ಸರಿಪಡಿಸಿಕೊಳ್ಳಲಾಗದೆ ವರ್ಷಗಳು ಕಳೆದಂತೆ ಸಂಜೆಯತ್ತ ಸರಿದವು. ಸಂಜೆ ಅಳೆದ ತಾಪಮಾನ ಕಡಿಮೆ ಬಂತು. ಅದನ್ನು ತಿದ್ದದೆ ಹಾಗೇ ಬಿಟ್ಟರೆ ವಾತಾವರಣವೇ ತಣ್ಣಗಾಗುತ್ತಿದೆ ಎನ್ನುವಂತೆ ತೋರುತ್ತದೆ. ದಶಕಗಳ ದತ್ತಾಂಶ ಬಳಸುವವರು ದಾಟುವ ವೇಳೆಯನ್ನು ಮೊದಲು ನೋಡಬೇಕು.

ಇನ್ನು ಧ್ರುವಗಳ ವಿಷಯ. 98 ಡಿಗ್ರಿ ಓರೆಯ ಕಕ್ಷೆ 82 ಡಿಗ್ರಿ (180ರಲ್ಲಿ 98 ಕಳೆದರೆ ಉಳಿಯುವಷ್ಟು) ಅಕ್ಷಾಂಶದವರೆಗಷ್ಟೇ ಹೋಗುತ್ತದೆ. ಅಗಲ ನೋಟದ ಉಪಕರಣವಾದರೆ ಉಳಿದದ್ದೂ ಸಿಕ್ಕೀತು, ನೇರ ಕೆಳಗೆ ಮಾತ್ರ ಅಳೆಯುವ ಲೇಸರ್‌ಗೆ ಸಿಗುವುದಿಲ್ಲ. ಅದಕ್ಕೇ 2018ರ, ಹಿಮದ ಎತ್ತರವನ್ನು ಲೇಸರ್‌ನಿಂದ ಅಳೆಯುವ ಉಪಗ್ರಹ ಐಸ್‌ಸ್ಯಾಟ್-2 ಸೂರ್ಯ-ಸಮಕಾಲಿಕ ಕಕ್ಷೆಯನ್ನು ಬಿಟ್ಟು 92 ಡಿಗ್ರಿ ಓರೆಯಲ್ಲಿ, 88 ಡಿಗ್ರಿ ಅಕ್ಷಾಂಶದವರೆಗೆ ಹೋಗುತ್ತದೆ. ಸೆಕೆಂಡಿಗೆ ಹತ್ತು ಸಾವಿರ ಹಸಿರು ಲೇಸರ್ ಮಿಡಿತ. ಅಂದರೆ ಹಾದಿಯುದ್ದಕ್ಕೂ ಸುಮಾರು 70 ಸೆಂ.ಮೀ.ಗೊಂದು ಅಳತೆ. ಒಂದು ಮಿಡಿತದಲ್ಲಿ ಲಕ್ಷಾಂತರ ಕೋಟಿ ಫೋಟಾನುಗಳು (ಬೆಳಕಿನ ಕಣಗಳು) ಹೊರಟರೂ ದೂರದರ್ಶಕಕ್ಕೆ ಮರಳುವುದು ಬೆರಳೆಣಿಕೆಯಷ್ಟು. ಅವು ಹೋಗಿ ಬರಲು ಹಿಡಿದ ಸುಮಾರು 3.3 ಮಿಲಿಸೆಕೆಂಡನ್ನು ಅತಿ ಸೂಕ್ಷ್ಮವಾಗಿ ಅಳೆದು ಹಿಮದ ಎತ್ತರ ಲೆಕ್ಕ ಹಾಕುತ್ತಾರೆ. ದಟ್ಟ ಮೋಡವಿದ್ದರೆ ಆ ಸಲದ ಅಳತೆ ಹೋದಂತೆಯೇ.

ಹಿಮದ ತೂಕ ಬೇಕಿದ್ದರೆ ಭೂಮಿಯ ಗುರುತ್ವವನ್ನು ಅಳೆಯುವ ಗ್ರೇಸ್ ಉಪಗ್ರಹಗಳ ಜೋಡಿ ನೋಡಿ (2002ರಿಂದ 2017; ಮುಂದುವರಿಕೆ 2018ರಿಂದ). 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಹೋಗುತ್ತವೆ. ಕೆಳಗೆ ಭಾರ ಹೆಚ್ಚಿರುವಲ್ಲಿ ಮುಂದಿನದು ಮೊದಲು ಸೆಳೆತಕ್ಕೆ ಸಿಕ್ಕಿ ಅಂತರ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ಕೂದಲೆಳೆಗಿಂತ ಕಡಿಮೆಯ ಆ ಏರಿಳಿತದಿಂದ ಗ್ರೀನ್‌ಲ್ಯಾಂಡಿನ ಹಿಮನಷ್ಟವೂ ದೊಡ್ಡ ಪ್ರದೇಶಗಳ ಅಂತರ್ಜಲ ಕುಸಿತವೂ ಗೊತ್ತಾಗುತ್ತವೆ. ಆದರೆ ಸುಮಾರು 300 ಕಿ.ಮೀ.ಗಿಂತ ಚಿಕ್ಕ ಪ್ರದೇಶದ ವಿವರ ಬೇರೆಯಾಗಿ ಸಿಗದು. ಒಂದು ಕೆರೆಯ ಲೆಕ್ಕ ಇದರಲ್ಲಿ ಹುಡುಕಬೇಡಿ.

ನೆಲದ ಕುಸಿತ, ಭೂಕಂಪದ ನಂತರದ ಜರುಗುವಿಕೆಗಳಿಗೆ ರಾಡಾರ್ ಬೇಕು. 2025ರ ಜುಲೈನಲ್ಲಿ ಹಾರಿದ, ನಾಸಾ-ಇಸ್ರೋ ಜಂಟಿ ರಾಡಾರ್ ಉಪಗ್ರಹ ನಿಸಾರ್ 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುವಂತೆ ರೂಪಿಸಿದ್ದು. ಅದರ ಎಲ್-ಬ್ಯಾಂಡ್ (ಒಂದು ರೇಡಿಯೋ ತರಂಗಾಂತರ ಶ್ರೇಣಿ) ತರಂಗ 24 ಸೆಂ.ಮೀ. ಉದ್ದವಿದ್ದು ಮೋಡ ದಾಟಿ, ಎಲೆಗಳ ನಡುವೆಯೂ ಇಳಿಯುತ್ತದೆ. ಎರಡು ಚಿತ್ರಗಳ ತರಂಗಹಂತದ (ಮರಳಿದ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರ) ವ್ಯತ್ಯಾಸದಿಂದ ಸೆಂಟಿಮೀಟರ್ ಲೆಕ್ಕದ ಚಲನೆ ಸಿಗುತ್ತದೆ. ಎರಡೂ ಚಿತ್ರಗಳು ಒಂದೇ ಹಾದಿಯವು, ಒಂದೇ ದಿಕ್ಕಿನವು ಆಗಿರಬೇಕು. ಉತ್ತರಕ್ಕೆ ಹೋಗುವಾಗ ತೆಗೆದದ್ದನ್ನು ದಕ್ಷಿಣಕ್ಕೆ ಬರುವಾಗ ತೆಗೆದದ್ದರ ಜತೆ ಜೋಡಿಸಿದರೆ ಲೆಕ್ಕವೇ ಕೂಡುವುದಿಲ್ಲ. ಗಾಳಿಯ ತೇವವೂ ತರಂಗವನ್ನು ತಡಮಾಡಿ ಸುಳ್ಳು ಕುಸಿತ ತೋರಿಸಬಹುದು, ಹಾಗಾಗಿ ಒಂದೇ ಜೋಡಿಯನ್ನು ನಂಬದೆ ಹತ್ತಾರು ಜೋಡಿಗಳನ್ನು ನೋಡಿ.