ಟಚ್‌ಸ್ಕ್ರೀನ್ ಬೇಡ, ಹಳೇ ಫೋನ್ ಸಾಕು

ಕಾರವಾರದ ಶಾಲೆಯ ಒಂದು ಕೋಣೆಯಲ್ಲಿ ನಮ್ಮ ಜಿಲ್ಲೆಯ ಭಾಷೆಗಳನ್ನು ಮಕ್ಕಳಿಗೆ ಕೇಳಿಸಬೇಕು, ಟಚ್‌ಸ್ಕ್ರೀನ್ ಹಾಕಿಸಲಾ ಎಂದು ಕೇಳಿದ್ದೀರಿ. ಬೇಡ ಅಂತೀನಿ. ಉಪ್ಪುಗಾಳಿಗೂ ಮಳೆಗಾಲದ ಕರೆಂಟಿಗೂ ಅದು ಬಾಳಿಕೆ ಬರೋದು ಕಷ್ಟ.

ಗುಜರಿಯಿಂದ ಹಳೇ ಲ್ಯಾಂಡ್‌ಲೈನ್ ಫೋನ್ ತನ್ನಿ. ಒಳಗೆ ರೆಕಾರ್ಡ್ ಮಾಡಿದ ದನಿಯನ್ನು ನುಡಿಸುವ ಒಂದು ಚಿಕ್ಕ ಎಂಪಿತ್ರೀ ಬೋರ್ಡ್ ಕೂರಿಸಿ. ರಿಸೀವರ್ ಎತ್ತಿದಾಗ ಮೇಲೇಳುವ ಗುಂಡಿ ಇದೆಯಲ್ಲ, ಅದೇ ಸ್ವಿಚ್ಚು. ಎತ್ತಿದ ಕೂಡಲೇ ಮಾತು ಶುರುವಾಗಬೇಕು, ಇಟ್ಟರೆ ನಿಲ್ಲಬೇಕು. ಸ್ಪೀಕರ್ ಹಾಕಿದರೆ ಹಾಲಕ್ಕಿ ಒಕ್ಕಲಿಗರ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ ಎಲ್ಲಾ ಸೇರಿ ಬರೀ ಗದ್ದಲ.

ದನಿ ಕೊಡುವ ಎಲ್ಲರಿಂದಲೂ ಅವರವರ ಭಾಷೆಯಲ್ಲಿ ಒಂದೇ ಸಂಗತಿ ಹೇಳಿಸಿ. ಆಡೋಕೆ ಹೋದ ಮಗುವನ್ನು ಊಟಕ್ಕೆ ಕರೆಯೋದು, ಅಷ್ಟೇ. ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ. ಮೀನುಪೇಟೆಯ ಚೌಕಾಸಿ ಇನ್ನೂ ಮಜಾ, ಆದರೆ ಶಿರಸಿ ಕಡೆಯ ಸಸ್ಯಾಹಾರಿ ಹವ್ಯಕರಿಂದ ಅದನ್ನು ಹೇಳಿಸೋದು ಹೇಗೆ ಅಲ್ವಾ!

ಸ್ಕ್ರೀನ್ ಇಲ್ಲದೆಯೂ ಭಾಷೆ ಕೇಳಿಸಬಹುದು ಅನ್ನೋದಕ್ಕೆ ಒಂದು ಉದಾಹರಣೆ ಇದೆ: ವಾಷಿಂಗ್ಟನ್ನಿನಲ್ಲಿ 2020ರಲ್ಲಿ ತೆರೆದ, ಭಾಷೆಯ ಬಗ್ಗೆಯೇ ಇರುವ ಪ್ಲಾನೆಟ್ ವರ್ಡ್ ಮ್ಯೂಸಿಯಂನ ಅಂಗಳದಲ್ಲಿ ಲೋಹದ ಒಂದು ಮರವಿದೆ. ಅದರಡಿ ನಡೆದರೆ ನೂರಾರು ಭಾಷೆಗಳ ದನಿ ಕೇಳುತ್ತದೆ. ನೋಡುವವರು ಏನನ್ನೂ ಒತ್ತಬೇಕಿಲ್ಲ.

ಫೋನುಗಳನ್ನು ಜೋಡಿಯಾಗಿ ಇಡಿ, ಮಕ್ಕಳು ಒಬ್ಬೊಬ್ಬರೇ ಬರೋದಿಲ್ಲ. ಎತ್ತರ ಮೂರನೇ ಕ್ಲಾಸಿನ ಮಗುವಿನ ಕೈಗೆ ಎಟುಕುವಷ್ಟಿರಲಿ. ದನಿ ಕೊಟ್ಟವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.